ರಾಫಿಯಾ ಕದನ ಒಂದು ಭಾನುವಾರದಲ್ಲಿ ಮುಗಿಯುತ್ತಿಲ್ಲ, ನಿಯಮದಲ್ಲಿ ಏನನ್ನು ಕತ್ತರಿಸಲಿ?

ಗಜಪಡೆ73
ಗೊಂಬೆ ಸೈನಿಕರನ್ನು ಮೇಜಿನ ಮೇಲಿಟ್ಟು ಆಡುವ ಯುದ್ಧದಾಟ ಇದು. ಬೆಳಿಗ್ಗೆ ಹತ್ತಕ್ಕೆ ಹೂಡಿದರೆ ಸಂಜೆ ಏಳಾದರೂ ಒತ್ತೊತ್ತಾಗಿ ನಿಂತ ಈಟಿಗಾರರ ಎರಡು ಫ್ಯಾಲಾಂಕ್ಸ್‌ಗಳು ನಡುಮೇಜಿನಲ್ಲಿ ಒಂದನ್ನೊಂದು ತಳ್ಳುತ್ತಲೇ ಇರುತ್ತವೆ. ಎದುರಾಳಿ ಮೊಬೈಲ್ ತೆಗೆಯುತ್ತಾನೆ. ಮನೆಯವರಿಗೆ ಊಟದ ಮೇಜು ಬೇಕಾಗುತ್ತದೆ. ಒಮ್ಮೆಯೂ ಸೋಲು ಗೆಲುವು ತೀರ್ಮಾನವಾಗಿಲ್ಲ.

ಆಡುತ್ತಿರುವುದು ಕ್ರಿ.ಪೂ. 217ರ ರಾಫಿಯಾ, ಈಜಿಪ್ಟಿನ ರಾಜ ಟಾಲೆಮಿಗೂ ಸಿರಿಯಾದ ರಾಜ ಆಂಟಿಯೋಕಸನಿಗೂ ನಡೆದ ಕದನ. ಟಾಲೆಮಿಯ ಕಡೆ 70,000 ಕಾಲಾಳು, 5,000 ಕುದುರೆ, 73 ಆನೆ. ಆಂಟಿಯೋಕಸನ ಕಡೆ 62,000 ಕಾಲಾಳು, 6,000 ಕುದುರೆ, 102 ಆನೆ. ಇದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಕೊಟ್ಟ ಲೆಕ್ಕ, ಅದಕ್ಕೆ ಮೋಸವಾಗದಂತೆ ಪಡೆ ಕಟ್ಟಿದ್ದೇನೆ. ನಿಯಮ ಎಲ್ಲರಿಗೂ ಗೊತ್ತಿರುವುದೇ, ಅಲ್ಲಲ್ಲಿ ನನ್ನ ಸೇರ್ಪಡೆಗಳಿವೆ. ವೇಗ ಬೇಕು, ವಿವರ ಹೋಗಬಾರದು. ‘ಇನ್ನೂ ಸರಳವಾದದ್ದನ್ನು ಆಡಿ’ ಎನ್ನುವವರು ದಯವಿಟ್ಟು ಮುಂದಿನ ಚರ್ಚೆಗೆ ಹೋಗಿ.

ಮೂರನೇಸಾಲು
ಎಲ್ಲರಿಗೂ ಗೊತ್ತಿರುವ ನಿಯಮ ಯಾವುದು ಸ್ವಾಮಿ? ಪ್ರಾಚೀನ ಯುದ್ಧದಾಟಕ್ಕೆ ಡಿಬಿಎ, ಡಿಬಿಎಂ ಎಂಬ ನಿಯಮ ಪುಸ್ತಕಗಳಿವೆ, ನಿಮ್ಮದು ಯಾವುದು? ಯಾವ ಆವೃತ್ತಿ? ಗೊಂಬೆ 15 ಮಿ.ಮೀ.ನವೋ, 28ರವೋ? ಗೊಂಬೆಗಳನ್ನು ಅಂಟಿಸುವ ಹಲಗೆಯ, ಅಂದರೆ ಬೇಸಿನ, ಅಗಲ ಎಷ್ಟು? ಮೇಜು ಎಷ್ಟು ದೊಡ್ಡದು? ಇವಿಷ್ಟೂ ಇಲ್ಲದೆ ಉತ್ತರ ಕೇಳಿದರೆ ಜಾತಕವಿಲ್ಲದೆ ಭವಿಷ್ಯ ಕೇಳಿದ ಹಾಗೆ.

ಪಿಪ್‌ಪಂಡಿತ
ಅದೆಲ್ಲ ಬೇಡ, ರೋಗ ಗೊತ್ತಾಯಿತು. ಎಲ್ಲ ಪಡೆಗಳನ್ನೂ ಪ್ರತಿ ಸರದಿಯಲ್ಲಿ ನಡೆಸುತ್ತಿದ್ದೀರಿ. ಸರದಿಗೊಂದು ದಾಳ ಉರುಳಿಸಿ, ಬಂದ ಅಂಕದಷ್ಟೇ ಗುಂಪುಗಳು ಕದಲಲಿ. ಸೇನಾನಿಗೆ ಎಲ್ಲ ಕಡೆ ಕೈ ಚಾಚಲಾಗದು ಎಂಬ ದೊಡ್ಡ ಸಂಗತಿಯನ್ನು ಒಂದೇ ದಾಳ ಹೇಳಿಬಿಡುತ್ತದೆ. ಆ ಅಂಕಕ್ಕೇ ಪಿಪ್ ಎನ್ನುವುದು. ಪಿಪ್ ಹಾಕಿ, ಆಟ ಮುಗಿಯುತ್ತದೆ.

ಗಜಪಡೆ73
ಆಧಾರ ಡಿಬಿಎ. ಆದ್ದರಿಂದ ಪಿಪ್ ಇದ್ದೇ ಇದೆ. ನನ್ನ ಸೇರ್ಪಡೆಗಳು: ಪಡೆಗೆ 12 ಬೇಸ್ ಸಾಲದೆಂದು 36 ಮಾಡಿದ್ದೇನೆ. ಸಾರಿಸ್ಸಾ ಎಂಬ ಉದ್ದ ಈಟಿಯ ಐದು ಸಾಲಿನ ಮೊನೆಗಳು ಮುಂದಕ್ಕೆ ಚಾಚಿರುತ್ತವೆ ಎಂದು ಪಾಲಿಬಿಯಸನೇ ಹೇಳುವುದರಿಂದ ಸಾಲಿಗೊಂದರಂತೆ ಐದು ದಾಳ, ಮೊತ್ತಗಳ ಹೋಲಿಕೆ. ಹಿಂದೆ ಸರಿದ ಪ್ರತಿ ಬೇಸಿಗೂ ಸ್ಥೈರ್ಯ ಪರೀಕ್ಷೆ. ಆಯಾಸದ ಲೆಕ್ಕ ಬೇರೆ ಹಾಳೆಯಲ್ಲಿ. ಇದರಲ್ಲಿ ವಿಶೇಷವೇನೂ ಇಲ್ಲ.

ಕವಣೆಗಾರ
ವಿಶೇಷವೇನೂ ಇಲ್ಲವೇ! ಐದು ಮೊನೆಗಳ ಮಾತು ನಿಜ, ಆದರೆ ರಾಫಿಯಾದಲ್ಲಿ ಅವು ಎರಡೂ ಕಡೆ ಇದ್ದವು. ಎರಡೂ ಕಡೆ ಸಮವಾಗಿರುವುದನ್ನು ಕೂಡಿ ಕಳೆದರೆ ಉಳಿಯುವುದು ಸೊನ್ನೆ, ಖರ್ಚಾಗುವುದು ನಿಮ್ಮ ಮಧ್ಯಾಹ್ನ. ಅದರ ಮೇಲೆ, ದಾಳಗಳು ಹೆಚ್ಚಿದಷ್ಟೂ ಮೊತ್ತ ಸರಾಸರಿಯ ಸುತ್ತಲೇ ಸುತ್ತುತ್ತದೆ. ಒಟ್ಟು ಹತ್ತು ದಾಳ ಉರುಳಿಸಿ ‘ಇಬ್ಬರೂ ಸಮ’ ಎಂದು ಕಂಡುಕೊಳ್ಳುತ್ತಿದ್ದೀರಿ.

ಮೂಲ ನಿಯಮವನ್ನೇ ನೋಡಿ. ಕಾಲಾಳಿನ ಎದುರು ಫ್ಯಾಲಾಂಕ್ಸ್‌ಗೆ 3, ಹಿಂದಿನ ಸಾಲಿನ ಬೆಂಬಲಕ್ಕೆ ಇನ್ನೂ 3. ಒಬ್ಬರಿಗೆ ದಾಳದಲ್ಲಿ 6, ಇನ್ನೊಬ್ಬರಿಗೆ 1 ಬಿದ್ದರೂ 12 ಎದುರು 7. ಬೇಸ್ ಸಾಯಬೇಕಾದರೆ ಎದುರಾಳಿಯ ಮೊತ್ತ ದುಪ್ಪಟ್ಟಾಗಬೇಕು. ಇಲ್ಲಿ ಆಗುವುದಿಲ್ಲ, ಯಾರೂ ಸಾಯುವುದಿಲ್ಲ, ಹಿಂದೆ ಸರಿಯುತ್ತಾರೆ ಅಷ್ಟೇ. ಪಕ್ಕದಿಂದ ಒಂದು ಶತ್ರು ಬೇಸ್ ಅಂಟಿಕೊಂಡಿತೋ, ಒಂದು ಅಂಕ ಹೋಗಿ 12 ಎದುರು 6. ಮುರಿಯಿತು! ಎದುರಿನಿಂದ ಅಲುಗದ ಫ್ಯಾಲಾಂಕ್ಸ್ ಪಕ್ಕದಿಂದ ಒಡೆಯುತ್ತದೆ ಎಂಬ ಇಡೀ ಪಾಠ ಆ ಒಂದು ಅಂಕದಲ್ಲಿದೆ. ನಿಮ್ಮ ಐದು ದಾಳಗಳ ಮೊತ್ತದಲ್ಲಿ ಅದು ಮುಳುಗಿಹೋಗಿದೆ.

ಇನ್ನೊಂದು ಪ್ರಶ್ನೆ. ಆಂಟಿಯೋಕಸ್ ಸೋತದ್ದು ಈಟಿಯ ಲೆಕ್ಕದಲ್ಲಿ ಅಲ್ಲ. ತನ್ನ ಬಲಪಕ್ಕದಲ್ಲಿ ಗೆದ್ದು, ಓಡುವವರ ಬೆನ್ನು ಹತ್ತಿ ಕಣದಿಂದಲೇ ದೂರ ಹೋದ. ಅಷ್ಟರಲ್ಲಿ ಟಾಲೆಮಿ ತನ್ನ ಫ್ಯಾಲಾಂಕ್ಸ್‌ನ ಮುಂದೆ ಬಂದು ನಿಂತ. ನಿಮ್ಮ ನಿಯಮದಲ್ಲಿ ಬೆನ್ನಟ್ಟುವುದಕ್ಕೆ ಏನಿದೆ?

ಗಜಪಡೆ73
ಬೆನ್ನಟ್ಟುವುದು ಆಟಗಾರನ ಇಷ್ಟ.

ಕವಣೆಗಾರ
ಅಲ್ಲೇ ಇದೆ ತೊಂದರೆ. ವಿವರ ಹೆಚ್ಚಾಗಿಲ್ಲ, ಬೇಡದ ಕಡೆ ಗುಡ್ಡೆಯಾಗಿದೆ. ಮೂರನೆಯ ಸಾಲಿನ ಈಟಿ ದಳಪತಿಯ ಚಿಂತೆ. ರಾಜನ ಚಿಂತೆ, ಗೆದ್ದ ಕುದುರೆಗಳು ಹಿಂದಿರುಗುತ್ತವೆಯೇ ಎಂಬುದು. ನೀವು ಮೇಜಿನ ಮುಂದೆ ಯಾರಾಗಿ ಕುಳಿತಿದ್ದೀರಿ?

ಪಿಪ್‌ಪಂಡಿತ
36 ಬೇಸಿಗೆ ಒಂದೇ ಪಿಪ್ ದಾಳವೇ? ಮೂರು ಇಡಿ. ಎಡ, ನಡು, ಬಲ. ನಾನು ಮೊದಲೇ ಹೇಳಿದೆ.

ಬಣ್ಣದಡಬ್ಬಿ
ಆನೆಗಳಿಗೆ ಏನು ಮಾಡಿದ್ದೀರಿ? ಟಾಲೆಮಿಯವು ಆಫ್ರಿಕಾದ ಕಾಡಿನ ತಳಿಯ ಆನೆಗಳು, ಭಾರತದ ಆನೆಗಳಿಗಿಂತ ಗಿಡ್ಡ. ಅವಕ್ಕೆ ಒಂದು ಅಂಕ ಕಡಿಮೆ ಇರಲೇಬೇಕು. ನನ್ನ ರೆಸಿನ್ ಪ್ರಿಂಟರ್‌ನಲ್ಲಿ ಎರಡು ಅಳತೆಯಲ್ಲಿ ತೆಗೆದಿದ್ದೇನೆ, ಪಕ್ಕಪಕ್ಕ ನಿಲ್ಲಿಸಿದರೆ ನೋಡುವುದೇ ಚೆಂದ.

ಮೂರನೇಸಾಲು
ಕಾಡಿನ ತಳಿಯ ಕಥೆ ಹಳೆಯದಾಯಿತು. ಟಾಲೆಮಿಗಳು ಆನೆ ತರಿಸುತ್ತಿದ್ದದ್ದು ಕೆಂಪು ಸಮುದ್ರದ ದಂಡೆಯ ಕಡೆಯಿಂದ. 2014ರಲ್ಲಿ ಎರಿಟ್ರಿಯಾದ ಆನೆಗಳ ವಂಶವಾಹಿ ಪರೀಕ್ಷಿಸಿದಾಗ ಅವು ಸವನ್ನಾ, ಅಂದರೆ ಹುಲ್ಲುಬಯಲಿನ, ಆನೆಗಳೆಂದೇ ಬಂತು, ಕಾಡಿನ ತಳಿ ಅಲ್ಲ.

ಬಣ್ಣದಡಬ್ಬಿ
ಹಾಗಾದರೆ ಪಾಲಿಬಿಯಸ್ ಸುಳ್ಳುಗಾರನೇ? ಭಾರತದ ಆನೆಗಳ ವಾಸನೆ, ಘೀಂಕಾರ, ಗಾತ್ರ ಇವನ್ನು ಅವು ತಡೆಯಲಾರವು ಎಂದು ಬರೆದಿದ್ದಾನಲ್ಲ.

ಮೂರನೇಸಾಲು
ಆ ದಿನ ಅವು ಹೆದರಿ ಹಿಂದೆ ಸರಿದದ್ದು ಬೇರೆ, ಅವುಗಳ ತಳಿ ಬೇರೆ. 73ರ ಎದುರು 102 ಬಂದರೆ ಯಾವ ಆನೆಯಾದರೂ ಹೆದರೀತು. ನಿಮ್ಮ ಗಿಡ್ಡ ಆನೆಗಳನ್ನು ಮತ್ತೆ ಪ್ರಿಂಟ್ ಮಾಡುವ ಕೆಲಸ ಬಂತೆಂದು ಬೇಸರವಿರಬೇಕು.

ಬಣ್ಣದಡಬ್ಬಿ
ನನ್ನವು ಹಾಗೆಯೇ ಇರುತ್ತವೆ. ಅಂದ ಹಾಗೆ, ಬೇಸಿನ ಮೇಲೆ ಮರುಭೂಮಿ ಬೇಕೆಂದರೆ ಜರಡಿ ಹಿಡಿದ ಸಣ್ಣ ಮರಳು, ನೀರು ಬೆರೆಸಿದ ಫೆವಿಕಾಲ್, ಒಣಗಿದ ಮೇಲೆ ತೆಳುವಾಗಿ ಮಾಸಲು ಹಳದಿ. ಒಣ ಹುಲ್ಲಿಗೆ ತೆಂಗಿನ ನಾರು. ಹೊರಗಿನಿಂದ ದುಬಾರಿ ಸಾಮಾನು ತರಿಸುವವರನ್ನು ಕಂಡರೆ ನಗು ಬರುತ್ತದೆ.

ಮೂರನೇಸಾಲು
ಗಜಪಡೆಯವರೇ, ಮೇಜಿನ ಅಳತೆ ಇನ್ನೂ ಬಂದಿಲ್ಲ.

ಗಜಪಡೆ73
ಎಲ್ಲರದ್ದೂ ಇರುವಂತೆ, 6 ಅಡಿಗೆ 4. ಗೊಂಬೆ 28 ಮಿ.ಮೀ., ಬೇಸ್ 60 ಮಿ.ಮೀ. ಭಾರಿ ಕಾಲಾಳಿಗೆ ಸರದಿಗೆ 2 ಇಂಚು ನಡಿಗೆ. ಅಂಚಿನಿಂದ 6 ಇಂಚಿನೊಳಗೆ ಪಡೆ ಇಡುತ್ತೇವೆ.

ಮೂರನೇಸಾಲು
2 ಇಂಚು ಎಂಬುದು 15 ಮಿ.ಮೀ. ಗೊಂಬೆಯ ನಡಿಗೆ ಮಾರಾಯರೇ! ಸೇನೆಗಳ ನಡುವೆ 36 ಇಂಚು. ಇಬ್ಬರೂ ಒಂದೊಂದು ಸರದಿ ನಡೆದರೆ 4 ಇಂಚು ಕಡಿಮೆಯಾಗುತ್ತದೆ. ಅಂದರೆ ಒಂಬತ್ತು ಸುತ್ತು ಬರೀ ಮೆರವಣಿಗೆ. ಬೇಸಿನ ಅಗಲದ ಎರಡರಷ್ಟು, 12 ಸೆಂ.ಮೀ., ನಡೆಸಿ. ನಾಲ್ಕೇ ಸುತ್ತಿಗೆ ಮುಟ್ಟುತ್ತಾರೆ. ಊಟಕ್ಕೆ ಮೊದಲೇ ಕಾಳಗ. ಒಂದೇ ಒಂದು ವಿವರವನ್ನೂ ಕಳೆಯಬೇಕಿಲ್ಲ.

ಗಜಪಡೆ73
6.3 ಮೀಟರ್ ಈಟಿ ಹೊತ್ತವರು ಓಡುವುದಿಲ್ಲ. ನಡಿಗೆ ಹೆಚ್ಚಿಸುವುದಿಲ್ಲ. ಬೇಕಾದರೆ ಪಡೆಗಳನ್ನು ಹತ್ತಿರ ಇಡುತ್ತೇನೆ.

ಮೂರನೇಸಾಲು
ಫಲ ಎರಡೂ ಒಂದೇ. ಇಡಿ.

ಗಜಪಡೆ73
ವರದಿ. ಪಡೆಗಳ ನಡುವೆ 16 ಇಂಚು ಇಟ್ಟೆವು. ಫ್ಯಾಲಾಂಕ್ಸ್‌ಗೆ ಒಂದೇ ದಾಳ, ಒಪ್ಪಿಗೆಯಿಂದಲ್ಲ, ಪ್ರಯೋಗಕ್ಕೆ. ಬೆನ್ನಟ್ಟುವ ನಿಯಮ ಸೇರಿಸಿದೆವು: ಎದುರಿನವರು ಮುರಿದರೆ ಗೆದ್ದ ಕುದುರೆಗಳಿಗೆ ದಾಳ, 5 ಅಥವಾ 6 ಬಿದ್ದರೆ ಮಾತ್ರ ನಿಲ್ಲುತ್ತವೆ. ಮಧ್ಯಾಹ್ನ ಎರಡಕ್ಕೆ ಆಟ ಮುಗಿಯಿತು. ಆಂಟಿಯೋಕಸ್ ಮೇಜಿನ ಅಂಚು ದಾಟಿ ಹೋದ, ನಡುವಿನ ಫ್ಯಾಲಾಂಕ್ಸ್ ಪಕ್ಕದಿಂದ ಒಡೆಯಿತು.

ಈಗ ಹೊಸ ತಕರಾರು. ಆಂಟಿಯೋಕಸನನ್ನು ಆಡಿಸಿದ ಗೆಳೆಯ ಕೋಪಗೊಂಡಿದ್ದಾನೆ. ‘ಆ ರಾಜ ಮಾಡಿದ ತಪ್ಪನ್ನು ನಾನೇಕೆ ಮಾಡಬೇಕು? ದಾಳವೇ ನನ್ನನ್ನು ಓಡಿಸುವುದಾದರೆ ನಾನೇಕೆ ಬರಬೇಕು?’ ಎನ್ನುತ್ತಾನೆ. ಐದು ದಾಳ ಇದ್ದಾಗ ಯಾರೂ ಜಗಳವಾಡಿರಲಿಲ್ಲ.

ಕವಣೆಗಾರ
ರಾಜನ ಬೇಸ್ ಆ ಕುದುರೆಗಳ ಜೊತೆ ಇದ್ದರೆ ಮಾತ್ರ ಕಡ್ಡಾಯ ಮಾಡಿ. ಹಿಂದೆ ನಿಂತು ನಡೆಸುವೆನೆಂದರೆ ನಿಲ್ಲಲಿ, ಆದರೆ ಜೊತೆಗಿದ್ದರೆ ಸಿಗುವ ಒಂದು ಅಂಕ ಬಿಡಲಿ. ಆಯ್ಕೆ ಅವರದು.

ಪಿಪ್‌ಪಂಡಿತ
ಅಷ್ಟೆಲ್ಲ ಏಕೆ? ತಡೆದು ನಿಲ್ಲಿಸಲು ಎರಡು ಪಿಪ್ ಕೊಡಲಿ.

ಕವಣೆಗಾರ
ಹೇಳಲು ಕಷ್ಟವಾಗುತ್ತಿದೆ, ಆದರೆ ಅದು ನನ್ನದಕ್ಕಿಂತ ಸರಳ.

ಬಣ್ಣದಡಬ್ಬಿ
102 ಭಾರತೀಯ ಆನೆಗಳಿಗೆ ಎಷ್ಟು ಗೊಂಬೆ ಇಟ್ಟಿದ್ದೀರಿ? ನನ್ನ ಬಳಿ ನಾಲ್ಕು ಹೆಚ್ಚಿವೆ, ಬಣ್ಣ ಹಚ್ಚಿಲ್ಲ. ಅಂಚೆ ಖರ್ಚು ಕೊಟ್ಟರೆ ಕಳುಹಿಸುತ್ತೇನೆ.