ಅರ್ಧ ಸ್ವರ ಇಳಿಸಿದ ಆರಿಯಾ: ಗಾಯಕನ ಮೇಲೆ ದೂರು ಹೊರಿಸಬಹುದೇ?

ಪ್ರಶ್ನೆ (ಮುಲುಂಡ್‌ನ ಸದಸ್ಯರು):

ನಮಸ್ಕಾರ ಮೇಡಂ. ಕಳೆದ ಭಾನುವಾರ ದಕ್ಷಿಣ ಮುಂಬಯಿಯ ಒಂದು ಚಿಕ್ಕ ಸಭಾಂಗಣದಲ್ಲಿ ನಡೆದ ಪಾಶ್ಚಾತ್ಯ ಗಾಯನದ ಕಾರ್ಯಕ್ರಮಕ್ಕೆ ನಾವು ನಾಲ್ವರು ಗೆಳೆಯರು ಹೋಗಿದ್ದೆವು. ತರುಣ ಟೆನರ್ (ಎತ್ತರದ ಗಂಡುಕಂಠದ ಗಾಯಕ) ಒಬ್ಬರು ಪಿಯಾನೋ ಜೊತೆಗೆ ಇಟಲಿಯ ರಚನಕಾರ ವರ್ದಿಯ ‘ಇಲ್ ತ್ರೊವತೋರೆ’ ಒಪೆರಾದಿಂದ ‘ದಿ ಕ್ವೆಲ್ಲಾ ಪೀರಾ’ ಎಂಬ ಆರಿಯಾ (ಒಪೆರಾದಲ್ಲಿ ಒಬ್ಬರೇ ಹಾಡುವ ಹಾಡು) ಹಾಡಿದರು. ತಾಯಿಯನ್ನು ಸುಡಲು ಚಿತೆ ಹೊತ್ತಿಸಿದ್ದಾರೆಂದು ತಿಳಿದ ಮನ್ರೀಕೋ ಕತ್ತಿ ಹಿರಿದು ಹೊರಡುವ ಹಾಡು ಅದು. ಕೊನೆಯ ತಾರಸ್ವರಕ್ಕೆ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆದರೆ ನನ್ನ ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಆ ಸ್ವರವನ್ನು ‘ಬಿ’ ಎಂದು ತೋರಿಸಿತು, ಎಲ್ಲರೂ ನಿರೀಕ್ಷಿಸುವ, ಅದಕ್ಕಿಂತ ಅರ್ಧ ಸ್ವರ ಮೇಲಿನ ‘ಸಿ’ ಎಂದಲ್ಲ. ಇಡೀ ಹಾಡನ್ನೇ ಅರ್ಧ ಸ್ವರ ಇಳಿಸಿದ್ದರು. ಇದನ್ನು ಮೊದಲೇ ಹೇಳದೆ ಹಾಡಿದ್ದು ಕೇಳುಗರಿಗೆ ಮಾಡಿದ ಮೋಸ ಎಂಬುದು ನನ್ನ ವಾದ. ನಮ್ಮಲ್ಲೊಬ್ಬರು ಹವ್ಯಾಸಿ ಭಾಗವತರು. ಕಂಠಕ್ಕೆ ಒಗ್ಗುವ ಶ್ರುತಿಯಲ್ಲಿ ಹಾಡುವುದಕ್ಕೆ ಯಾರ ಅಪ್ಪಣೆ ಬೇಕು ಎಂಬುದು ಅವರ ವಾದ. ಚರ್ಚ್‌ಗೇಟಿನಿಂದ ಮುಲುಂಡಿನವರೆಗೆ, ದಾದರಿನಲ್ಲಿ ಗಾಡಿ ಬದಲಿಸುವಾಗಲೂ ಬಿಡದೆ, ಜಗಳವಾಡಿದೆವು. ತಾವು ಇಂಥ ಗಾಯಕರಿಗೆ ಪಿಯಾನೋ ನುಡಿಸುವವರು. ತೀರ್ಪು ತಮ್ಮದು.

ಉತ್ತರ (ಗಾಯನ ಶಿಕ್ಷಕಿ ಮತ್ತು ಪಿಯಾನೋ ಸಹವಾದಕಿ, ಬಾಂದ್ರಾ):

ನಮಸ್ಕಾರ. ಮೊದಲು ನಿಮಗೆ ಸ್ವಲ್ಪ ಬೇಸರ ತರುವ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ನಿಮ್ಮ ಕೈತಪ್ಪಿತೆಂದು ನೀವು ಕೊರಗುತ್ತಿರುವ ಆ ತಾರಸ್ಥಾಯಿಯ ‘ಸಿ’ಯನ್ನು ವರ್ದಿ ಬರೆದೇ ಇಲ್ಲ. 1853ರಲ್ಲಿ ರೋಮ್‌ನಲ್ಲಿ ಮೊದಲ ಪ್ರದರ್ಶನ ಕಂಡ ಈ ಕೃತಿಗೆ ಆ ಸ್ವರವನ್ನು ಸೇರಿಸಿದವರು ಟೆನರ್‌ಗಳು, ಅದನ್ನು ಹಕ್ಕೆಂಬಂತೆ ಕೇಳುವುದನ್ನು ರೂಢಿಸಿಕೊಂಡವರು ಪ್ರೇಕ್ಷಕರು. 2000ದ ಡಿಸೆಂಬರಿನಲ್ಲಿ ಮಿಲಾನಿನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ವಾದ್ಯವೃಂದದ ನಿರ್ದೇಶಕ ರಿಕಾರ್ಡೊ ಮೂತಿ, ಬರೆದಷ್ಟನ್ನೇ ಹಾಡಿಸಬೇಕೆಂದು ಆ ಸ್ವರವನ್ನು ಕೈಬಿಟ್ಟಾಗ, ಮೇಲಿನ ಗ್ಯಾಲರಿಯವರು ಕೂಗಾಡಿ ಪ್ರತಿಭಟಿಸಿದರು. ಆದ್ದರಿಂದ ಮೂಲಕೃತಿಗೆ ದ್ರೋಹವಾಯಿತು ಎಂಬ ಆರೋಪವನ್ನು ಇಳಿಸಿದ ‘ಬಿ’ಯ ಮೇಲೆ ಹೊರಿಸುವುದಾದರೆ, ಇಳಿಸದ ‘ಸಿ’ಯ ಮೇಲೂ ಹೊರಿಸಬೇಕಾಗುತ್ತದೆ.

ಇನ್ನು ಇಳಿಸುವ ವಿಚಾರ. ತಾರದ ‘ಸಿ’ ಸೆಕೆಂಡಿಗೆ ಸುಮಾರು 523 ಕಂಪನಗಳ ಸ್ವರ, ‘ಬಿ’ ಸುಮಾರು 494. ಕಾಗದದ ಮೇಲೆ ನೂರಕ್ಕೆ ಆರರಷ್ಟು ವ್ಯತ್ಯಾಸ. ಗಂಟಲಿಗೆ ಅದು ಬೇರೆಯದೇ ಲೆಕ್ಕ. ಏಕೆಂದರೆ ಶ್ರುತಿ ಇಳಿಸಿದಾಗ ತುದಿಯ ಒಂದು ಸ್ವರ ಮಾತ್ರ ಇಳಿಯುವುದಿಲ್ಲ, ಇಡೀ ಹಾಡು ಜರುಗುತ್ತದೆ. ಟೆನರ್ ಕಂಠದಲ್ಲಿ ಮಧ್ಯಸ್ಥಾಯಿಯ ‘ಇ’, ‘ಎಫ್’, ‘ಎಫ್ ಶಾರ್ಪ್’ (ಎಫ್‌ಗಿಂತ ಅರ್ಧ ಸ್ವರ ಮೇಲಿನದು) ಸ್ವರಗಳ ಆಸುಪಾಸಿನಲ್ಲಿ ಧ್ವನಿ ಒಂದು ತಿರುವು ತೆಗೆದುಕೊಳ್ಳುತ್ತದೆ, ಅದಕ್ಕಿಂತ ಕೆಳಗೆ ಹಾಡಿದಂತೆಯೇ ಮೇಲೂ ಬಾಯಿ ಅಗಲಿಸಿ ಹಾಡಿದರೆ ಸ್ವರ ಕಿರುಚಾಗುತ್ತದೆ. ‘ದಿ ಕ್ವೆಲ್ಲಾ ಪೀರಾ’ದ ಬಹುಭಾಗ ಆ ತಿರುವಿನ ಮೇಲೂ ಅದರಾಚೆಗೂ ಓಡಾಡುತ್ತಿರುತ್ತದೆ, ಅದೂ ದೌಡಿನಲ್ಲಿ. ಅರ್ಧ ಸ್ವರ ಇಳಿಸಿದರೆ ಯಾವ ಅಕ್ಷರ ಯಾವ ಸ್ವರದ ಮೇಲೆ ತಿರುವು ದಾಟುತ್ತದೆ ಎಂಬುದೇ ಬದಲಾಗುತ್ತದೆ. ಕೆಲವು ಗಾಯಕರಿಗೆ ಇದರಿಂದ ಮಾತು ಸ್ಪಷ್ಟವಾಗುತ್ತದೆ. ಕೆಲವರಿಗೆ ತುದಿಯ ಸ್ವರ ಸುಲಭವಾಗಿ, ನಡುವಿನ ಸಾಲುಗಳು ಮಂಕಾಗುತ್ತವೆ. ಅಂಥವರಿಗೆ ಇಳಿಸಬೇಡಿ ಎಂದು ನಾನೇ ಹೇಳಿದ್ದುಂಟು.

ಈ ಹಾಡನ್ನು ‘ಬಿ’ಯಲ್ಲಿ ಹಾಡುವುದು ದೊಡ್ಡ ರಂಗಮಂದಿರಗಳಲ್ಲೂ ಬಹಳ ಕಾಲದಿಂದ ನಡೆದುಬಂದ ರೂಢಿ, ಅದನ್ನು ಕರಪತ್ರದಲ್ಲಿ ಮುದ್ರಿಸುವ ಪದ್ಧತಿ ಇಲ್ಲ. ಪುಚ್ಚೀನಿಯ ‘ಲಾ ಬೊಹೆಮ್’ನ ‘ಕೆ ಜೆಲಿದಾ ಮನೀನಾ’ಕ್ಕೂ ಇದೇ ಉಪಚಾರ ನಡೆಯುತ್ತದೆ. ನಿಮ್ಮ ಭಾಗವತ ಮಿತ್ರರ ಮಾತು ಅಲ್ಲಿಯವರೆಗೆ ಸರಿ.

ಪ್ರತಿಕ್ರಿಯೆ (ಡೊಂಬಿವಲಿಯ ಸದಸ್ಯೆ):

ಮೇಡಂ, ನಾನು ಒಪ್ಪುವುದಿಲ್ಲ. ನಮ್ಮ ಸಂಗೀತದಲ್ಲಿ ಷಡ್ಜವನ್ನು ಗಾಯಕರು ತಮ್ಮ ಕಂಠಕ್ಕೆ ತಕ್ಕಂತೆ ಇಟ್ಟುಕೊಳ್ಳುತ್ತಾರೆ, ಕೃತಿಗೆ ಇಂತಿಷ್ಟೇ ಎಂಬ ಶ್ರುತಿ ಇಲ್ಲ. ಭಾಗವತರು ಕಪ್ಪು ಎರಡರಲ್ಲಿ ಹಾಡಿದರೇನು, ಬಿಳಿ ನಾಲ್ಕರಲ್ಲಿ ಹಾಡಿದರೇನು, ಪದ್ಯ ಅದೇ. ಒಪೆರಾ ಹಾಗಲ್ಲವಲ್ಲ? ಅಲ್ಲಿ ಶ್ರುತಿಯನ್ನೂ ರಚನಕಾರರೇ ಬರೆದಿರುತ್ತಾರೆ. ಮೆಟ್ರೊಪಾಲಿಟನ್ ಒಪೆರಾದ ಪ್ರದರ್ಶನಗಳನ್ನು ಮುಂಬಯಿಯ ರಂಗಕಲೆಗಳ ಕೇಂದ್ರವಾದ ಎನ್‌ಸಿಪಿಎಯ ತೆರೆಯ ಮೇಲೆ ನೋಡಿ ನೋಡಿ ನನಗೆ ಅನ್ನಿಸಿದ್ದು ಇಷ್ಟು: ಹತ್ತಲಾಗದವರು ಬೇರೆ ಹಾಡು ಆರಿಸಿಕೊಳ್ಳಲಿ. ಬೆಟ್ಟವನ್ನೇ ತಗ್ಗಿಸಿ ಹತ್ತಿದೆ ಎನ್ನಬಾರದು.

ಉತ್ತರ:

ನಿಮ್ಮ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಗೌರವಿಸುತ್ತೇನೆ. ಮೊದಲು ಇನ್ನರ್ಧ.

ರಚನಕಾರರು ಶ್ರುತಿಯನ್ನು ಬರೆದದ್ದು ಬಹುಮಟ್ಟಿಗೆ ಎದುರಿಗಿದ್ದ ಒಂದು ಕಂಠಕ್ಕಾಗಿ. ಬೆಲ್ಲೀನಿಯ ‘ನೋರ್ಮಾ’ ತೆಗೆದುಕೊಳ್ಳಿ. ‘ಕಾಸ್ತಾ ದೀವಾ’ವನ್ನು ಅವನು ತನ್ನ ಹಸ್ತಪ್ರತಿಯಲ್ಲಿ ಬರೆದದ್ದು ಜಿ ಮೇಜರ್‌ನಲ್ಲಿ (ಅಂದರೆ ‘ಜಿ’ಯನ್ನು ಆಧಾರಸ್ವರವಾಗಿಟ್ಟು), 1831ರಲ್ಲಿ ಲಾ ಸ್ಕಾಲಾದಲ್ಲಿ ಗಾಯಕಿ ಜುದಿತ್ತಾ ಪಾಸ್ತಾಳಿಗಾಗಿ ಅದು ಒಂದು ಪೂರ್ಣ ಸ್ವರ ಇಳಿದು ಎಫ್ ಮೇಜರ್‌ಗೆ ಬಂತು. ಇಂದು ಬಹುತೇಕ ಎಲ್ಲರೂ ಹಾಡುವುದು ಎಫ್‌ನಲ್ಲಿ, ಅದನ್ನೇ ಮೂಲವೆಂದು ನಂಬಿ. ದೊನಿಜೆತ್ತಿಯ ‘ಲೂಚಿಯಾ’ದ ಹುಚ್ಚಿನ ದೃಶ್ಯವೂ 1835ರಲ್ಲಿ ಬರೆದಾಗ ಇದ್ದದ್ದು ಎಫ್‌ನಲ್ಲಿ, ನಾವು ಕೇಳಿ ಬೆಳೆದ ಧ್ವನಿಮುದ್ರಣಗಳಲ್ಲಿ ಹೆಚ್ಚಿನವು ಇ ಫ್ಲ್ಯಾಟ್‌ನಲ್ಲಿವೆ (‘ಇ’ಗಿಂತ ಅರ್ಧ ಸ್ವರ ಕೆಳಗೆ). ಆ ಇಳಿಕೆಯಿಂದಲೇ ಗಾಯಕಿಯರಿಗೆ ಕೊನೆಯಲ್ಲಿ ತಾರದ ಇ ಫ್ಲ್ಯಾಟ್ ಸೇರಿಸಿ ಸಭೆಯನ್ನು ಬೆರಗುಗೊಳಿಸಲು ಅನುಕೂಲವಾಯಿತು. ಅಂದರೆ ಎತ್ತರ ತೋರಿಸುವುದಕ್ಕಾಗಿಯೇ ತಗ್ಗಿಸಿದ್ದಾರೆ!

ಮೇಲಾಗಿ ನಿಮ್ಮ ಬೆಟ್ಟದ ಎತ್ತರವೇ ಸ್ಥಿರವಾಗಿರಲಿಲ್ಲ. ಇಂದು ‘ಎ’ ಸ್ವರವೆಂದರೆ 440 ಕಂಪನಗಳು. 1859ರಲ್ಲಿ ಫ್ರಾನ್ಸ್ ಅದನ್ನು 435ಕ್ಕೆ ನಿಲ್ಲಿಸಿತು. 1884ರಲ್ಲಿ ಇಟಲಿಯಲ್ಲಿ 432 ಆಗಲಿ ಎಂಬ ನಿಲುವನ್ನು ಸ್ವತಃ ವರ್ದಿ ಬೆಂಬಲಿಸಿದ. 432ಕ್ಕೂ 440ಕ್ಕೂ ಇರುವ ಅಂತರ ಅರ್ಧ ಸ್ವರದ ಮೂರನೆಯ ಒಂದು ಭಾಗದಷ್ಟು. ವರ್ದಿಯ ಇಷ್ಟದಂತೆ ನಡೆದಿದ್ದರೆ ನಿಮ್ಮ ‘ಸಿ’ ಈಗಿನದಕ್ಕಿಂತ ಆಗಲೇ ಸ್ವಲ್ಪ ಕೆಳಗಿರುತ್ತಿತ್ತು.

ಈಗ ನೀವು ಹೇಳಿದ ಅರ್ಧ ಸತ್ಯ. ವಾದ್ಯವೃಂದವಿದ್ದಾಗ ಶ್ರುತಿ ಇಳಿಸುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಪಿಟೀಲಿನ ನಾಲ್ಕು ತಂತಿಗಳು ಜಿ, ಡಿ, ಎ, ಇ. ಈ ಹಾಡಿನ ಮೂಲ ಶ್ರುತಿಯಾದ ಸಿ ಮೇಜರ್‌ನಲ್ಲಿ ಈ ನಾಲ್ಕೂ ಸ್ವರಗಳು ಸಲ್ಲುತ್ತವೆ, ಆದ್ದರಿಂದ ಬೆರಳಿಡದ ತಂತಿಗಳು ತಾವಾಗಿಯೇ ಅನುರಣಿಸಿ ನಾದಕ್ಕೆ ಹೊಳಪು ಕೊಡುತ್ತವೆ. ಬಿ ಮೇಜರ್‌ಗೆ ಬಂದರೆ ಸಲ್ಲುವುದು ‘ಇ’ ತಂತಿ ಒಂದೇ. ಉಳಿದ ಮೂರು ಮೌನವಾಗುತ್ತವೆ, ವಾದಕರಿಗೆ ಐದು ಶಾರ್ಪ್‌ಗಳ ಕಾಟ ಬೇರೆ. ಅದೇ ದೌಡು, ಅದೇ ಬಲ, ಆದರೆ ನಾದಕ್ಕೆ ತೆಳುವಾದ ಬಟ್ಟೆ ಹೊದಿಸಿದಂತಿರುತ್ತದೆ. ಹಿಂದಿನ ದೃಶ್ಯ ಒಂದು ಶ್ರುತಿಯಲ್ಲಿ ಮುಗಿದು ಹಾಡು ಇನ್ನೊಂದರಲ್ಲಿ ಹೊರಡುವಾಗ ನಡುವಿನ ಬೆಸುಗೆಯನ್ನೂ ತಿದ್ದಬೇಕಾಗುತ್ತದೆ, ಬೆಸುಗೆ ಕೆಟ್ಟರೆ ಕಿವಿ ಎಡವುತ್ತದೆ. ನಿಮ್ಮ ಭಾನುವಾರದ ಸಭೆಯಲ್ಲಿ ಇದ್ದದ್ದು ಪಿಯಾನೋ ಮಾತ್ರ, ಆ ಹಾಡು ಬಂದದ್ದೂ ಬಿಡಿಯಾಗಿ. ಹೀಗಾಗಿ ಈ ಎರಡು ನಷ್ಟಗಳೂ ಅಲ್ಲಿ ಆಗಿರಲಾರವು. ನನ್ನ ಕೈಗಂತೂ ಬಿ ಮೇಜರ್ ಇಷ್ಟ. ನೀಳವಾದ ಬೆರಳುಗಳು ಕಪ್ಪು ಮನೆಗಳ ಮೇಲೆ ಹಾಯಾಗಿ ಕೂರುತ್ತವೆ.

ಯಕ್ಷಗಾನದಲ್ಲೂ ಶ್ರುತಿ ಬದಲಾವಣೆ ಪುಕ್ಕಟೆಯಲ್ಲ ಎಂಬುದನ್ನು ಮರೆಯಬಾರದು. ಭಾಗವತರು ಬದಲಾದರೆ ಮದ್ದಳೆಯನ್ನೂ ಬದಲಿಸಬೇಕಾಗುತ್ತದೆ.

ಪ್ರಶ್ನೆ (ಮಡಗಾಂವ್‌ನ ಸದಸ್ಯರು):

ಮೇಡಂ, ಇದಕ್ಕೆ ಹೊಂದಿದ ಸಂದೇಹ. ನನ್ನ ಮಗಳಿಗೆ 17 ವರ್ಷ, ಇಲ್ಲಿ ಚರ್ಚಿನ ಗಾಯನವೃಂದದಲ್ಲಿದ್ದಾಳೆ. ರೊಸ್ಸೀನಿಯ ‘ಊನಾ ವೋಚೆ ಪೋಕೋ ಫಾ’ ಕಲಿಯುತ್ತಿದ್ದಾಳೆ. ಒಂದು ಪುಸ್ತಕದಲ್ಲಿ ಇ ಮೇಜರ್, ಇನ್ನೊಂದರಲ್ಲಿ ಎಫ್ ಮೇಜರ್. ಯಾವುದು ಸರಿ?

ಉತ್ತರ:

ಮೂಲ ಇ ಮೇಜರ್. 1816ರ ‘ಸೆವಿಲ್ಲೆಯ ಕ್ಷೌರಿಕ’ದಲ್ಲಿ ರೊಸೀನಾಳ ಪಾತ್ರವನ್ನು ರೊಸ್ಸೀನಿ ಬರೆದದ್ದು ತಗ್ಗಿನ ಹೆಣ್ಣುಕಂಠಕ್ಕೆ. ಮುಂದೆ ಸೊಪ್ರಾನೋಗಳು (ಎತ್ತರದ ಹೆಣ್ಣುಕಂಠದ ಗಾಯಕಿಯರು) ಆ ಪಾತ್ರವನ್ನು ತಮ್ಮದಾಗಿಸಿಕೊಂಡು ಅರ್ಧ ಸ್ವರ ಏರಿಸಿದರು, ಮೇಲೆ ಬೇಕಾದಷ್ಟು ಆಭರಣ ಹೇರಿದರು. ಏರಿಸಿದವರನ್ನು ಯಾರೂ ಮೋಸಗಾರರೆನ್ನುವುದಿಲ್ಲ, ಇಳಿಸಿದವರನ್ನು ಮಾತ್ರ ಹಿಡಿದು ನಿಲ್ಲಿಸುತ್ತೇವೆ ಎಂಬುದು ನನಗೆ ಹಳೆಯ ತಕರಾರು.

ಮಗುವಿನ ವಿಷಯದಲ್ಲಿ ಮೇಲಿನ ಸ್ವರ ನೋಡಿ ತೀರ್ಮಾನಿಸಬೇಡಿ. ಇ ಮೇಜರ್ ಪ್ರತಿಯಲ್ಲಿರುವ ಅತಿ ಕೆಳಗಿನ ಸಾಲುಗಳನ್ನು, ಮಾತನಾಡುವಷ್ಟೇ ಸಲೀಸಾಗಿ, ಎದೆ ಒತ್ತದೆ ಹಾಡಲು ಹೇಳಿ. ಪದಗಳು ಕೋಣೆಯ ಆಚೆ ತುದಿಗೆ ಕೇಳಿಸಿದರೆ ಇ ಸಾಕು. ಕೇಳಿಸದಿದ್ದರೆ ಎಫ್ ಕೊಡಿ, ಆದರೆ ಧ್ವನಿಮುದ್ರಿಕೆಯಲ್ಲಿ ಕೇಳಿದ ಸೊಪ್ರಾನೋ ಆಭರಣಗಳನ್ನು ಈ ವಯಸ್ಸಿಗೆ ಬೇಡ ಎನ್ನಿ. ಕೊನೆಯ ಮಾತು ಅವಳ ಗುರುಗಳದ್ದೇ ಆಗಿರಲಿ.

ಪ್ರತಿಕ್ರಿಯೆ (ಮುಲುಂಡ್‌ನ ಸದಸ್ಯರು):

ಮೋಸ ಎಂಬ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ; ಭಾಗವತರಿಗೆ ಮಾಟುಂಗಾದಲ್ಲಿ ಒಂದು ಮಸಾಲೆ ದೋಸೆಯ ಸಾಲ ಬಿತ್ತು. ಆದರೂ ಅಂದಿನ ಗಾಯನದಲ್ಲಿ ಏನೋ ಕೊರತೆ ಅನ್ನಿಸಿದ್ದು ಸುಳ್ಳಲ್ಲ. ಶ್ರುತಿ ಬಿಟ್ಟು ಇನ್ನೇನು ಕೇಳಬೇಕಿತ್ತು?

ಉತ್ತರ:

ಎರಡು ಸಂಗತಿ. ಮೊದಲನೆಯದು, ‘ಪೀರಾ’ (ಚಿತೆ), ‘ಫೋಕೋ’ (ಬೆಂಕಿ) ಎಂಬ ಪದಗಳ ಮೇಲೆ ವರ್ದಿ ಚಿಕ್ಕ ಚಿಕ್ಕ ಸ್ವರಗಳ ಸುರುಳಿಗಳನ್ನು ಬರೆದಿದ್ದಾನೆ. ಅವು ಬೆಂಕಿಯ ನಾಲಗೆಗಳಂತೆ ಒಂದೊಂದೂ ಬಿಡಿಯಾಗಿ ಕೇಳಿಸಬೇಕು. ಬಹಳ ಗಾಯಕರು ಅವನ್ನು ಒಂದೇ ಗುಕ್ಕಿನಲ್ಲಿ ನುಂಗಿಬಿಡುತ್ತಾರೆ. ಎರಡನೆಯದು, ಈ ಹಾಡನ್ನು ಎರಡು ಸಲ ಹಾಡಬೇಕೆಂದು ಬರೆದಿದೆ. ತುದಿಯ ಸ್ವರಕ್ಕಾಗಿ ಉಸಿರು ಉಳಿಸಲು ಎರಡನೆಯ ಆವರ್ತನವನ್ನೇ ಕತ್ತರಿಸುವುದು, ಆ ಸ್ವರಕ್ಕೆ ಮುಂಚಿನ ಸಾಲುಗಳಲ್ಲಿ ಸುಮ್ಮನೆ ನಿಂತು ದಣಿವಾರಿಸಿಕೊಳ್ಳುವುದು ಮಾಮೂಲಾಗಿದೆ. ಶ್ರುತಿ ಇಳಿಸಿದವರಿಗೆ ಈ ಎರಡನ್ನೂ ಪೂರ್ತಿ ಹಾಡುವ ಅನುಕೂಲ ದೊರೆತಿರುತ್ತದೆ. ಅದನ್ನು ಬಳಸಿಕೊಂಡರೇ ಇಲ್ಲವೇ ಎಂದು ನೋಡಿ.

ಪ್ರತಿಕ್ರಿಯೆ (ಮುಲುಂಡ್‌ನ ಸದಸ್ಯರು):

ಫೋನಿನಲ್ಲಿದ್ದ ಧ್ವನಿಮುದ್ರಣವನ್ನು ಮತ್ತೆ ಕೇಳಿದೆ. ಒಂದೇ ಆವರ್ತನ. ‘ಪೀರಾ’ದ ಸುರುಳಿ ಇಲ್ಲವೇ ಇಲ್ಲ, ನೇರವಾಗಿ ಜಾರಿದ್ದಾರೆ. ಕೊನೆಯ ಸ್ವರಕ್ಕೆ ಮುಂಚೆ ಪಿಯಾನೋ ಒಂದೇ ಕೇಳಿಸುತ್ತದೆ.

ಉತ್ತರ:

ಹಾಗಿದ್ದರೆ ದೂರು ಉಳಿಸಿಕೊಳ್ಳಿ, ಆಪಾದನೆಯ ಸಾಲು ಮಾತ್ರ ಬದಲಿಸಿ. ದೋಸೆಯ ಸಾಲವನ್ನು ಹೇಗೂ ತೀರಿಸಲೇಬೇಕು.