ಹೊಸ ಮಿಕ್ಸಿ ಕೆಟ್ಟಿದೆ, ಅಂಗಡಿಯವರು ವಾಪಸ್ ತಗೊಳ್ಳುತ್ತಿಲ್ಲ

ಪ್ರಶ್ನೆ (ದಾವಣಗೆರೆ ಬೆಣ್ಣೆ):
ಹೋದ ವಾರ ಇಲ್ಲೇ ಒಂದು ಅಂಗಡಿಯಲ್ಲಿ ಮಿಕ್ಸಿ ತಗೊಂಡೆ. ಚಟ್ನಿ ರುಬ್ಬಲು ಹಾಕಿದರೆ ಜಾರಿನ ತಳದಿಂದ ನೀರು ಸೋರಿ ಮೋಟರ್ ಮೇಲೆ ಇಳಿಯುತ್ತದೆ, ಸುಟ್ಟ ವಾಸನೆ ಬೇರೆ. ವಾಪಸ್ ಒಯ್ದರೆ ಬಿಲ್ಲಿನ ಕೆಳಗಿನ ಸಾಲು ತೋರಿಸುತ್ತಾರೆ: 'ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ'. ಹಾಗೆ ಬರೆದುಬಿಟ್ಟರೆ ಮುಗೀತಾ?

ನೇರ ಮಾತು:
ಖಂಡಿತ ಮುಗಿಯಲ್ಲ. ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ದುಡ್ಡು ಕೊಡಲು ಒಪ್ಪದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಣ್ಣ ಇಷ್ಟವಾಗಲಿಲ್ಲ ಅಂತ ವಾಪಸ್ ಕೊಡುವುದು ಬೇರೆ ವಿಷಯ, ಅದು ಅಂಗಡಿಯವರಿಗೆ ಬಿಟ್ಟಿದ್ದು. ನಿಮ್ಮದು ಹಾಗಲ್ಲವಲ್ಲ.

ತುಂಗೆಯ ದಡ:
ಇನ್ನು ಆ ಮಿಕ್ಸಿ ಆನ್ ಮಾಡಬೇಡಿ, ಶಾಕ್ ಹೊಡೆದೀತು. ಬರೀ ಜಾರಿಗೆ ನೀರು ಹಾಕಿ ಸೋರುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಿ. ಸರ್ವಿಸ್ ಸೆಂಟರಿಗೆ ಹೋದರೆ ಅವರು ಕೊಡುವ ಜಾಬ್ ಶೀಟ್ ಬಿಡಬೇಡಿ, ದೋಷ ಏನು ಅಂತ ಅದರಲ್ಲಿ ಬರೆಸಿ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ದಾವಣಗೆರೆ ಬೆಣ್ಣೆ:
ಅದಕ್ಕೂ ಬಗ್ಗದಿದ್ದರೆ? ವಕೀಲರ ಫೀಸೇ ಮಿಕ್ಸಿಗಿಂತ ಜಾಸ್ತಿ ಆಗುತ್ತೆ ಅಲ್ವಾ?

ನೇರ ಮಾತು:
ವಕೀಲರು ಬೇಕೇ ಬೇಕು ಅಂತಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. 2 ವರ್ಷ ಕಾಲಾವಕಾಶ ಇದೆ, ಆದರೂ ಸುಮ್ನೆ ತಡ ಮಾಡಬೇಡಿ. ಅಂಗಡಿಗೆ ಇವತ್ತೇ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.