ಸಿಮೆಂಟ್ ಬಾಂಡ್ ಲಾಗ್ ಓದೋದು ಹೆಂಗ? ಅನುಭವ ಇದ್ದೋರು ಹೇಳ್ರಿ

ಕೇಳಿದವರು, ಕಲಬುರಗಿ:
ನಮಸ್ಕಾರ್ರಿ. ಪಿಡಿಎ ಕಾಲೇಜಿನಾಗ ಮೆಕ್ಯಾನಿಕಲ್ ಮುಗಿಸಿ, ಬಾವಿಯೊಳಗ ಟೂಲ್ ಇಳಿಸಿ ಅಳಿಯೋ ಲಾಗಿಂಗ್ ಕಂಪನಿ ಸೇರಿ ಮೂರು ತಿಂಗಳಾತು. ರಾಜಮಂಡ್ರಿ ಕಡಿ ಗ್ಯಾಸ್ ಬಾವಿಗಳ ಮ್ಯಾಲ ಕೆಲಸ. ಹೋದ ವಾರ 7 ಇಂಚಿನ ಕೇಸಿಂಗಿನ (ಬಾವಿಗೆ ಇಳಿಸೋ ಉಕ್ಕಿನ ಪೈಪ್) ಬಾಂಡ್ ಲಾಗ್, ಅಂದ್ರ ಪೈಪಿನ ಹಿಂದ ಸಿಮೆಂಟ್ ಹಿಡಿದದೋ ಇಲ್ಲೋ ತೋರಸೋ ಕಾಗದ, ಕೊಟ್ಟು ಅಭಿಪ್ರಾಯ ಬರಿ ಅಂದ್ರು. ಆ್ಯಂಪ್ಲಿಟ್ಯೂಡ್ (ಧ್ವನಿಯ ಜೋರು) 5 ಮಿಲಿವೋಲ್ಟ್ ಆಸುಪಾಸು ಇತ್ತು, ‘ಸಿಮೆಂಟ್ ಛಲೋ ಕೂತದ’ ಅಂತ ಬರದೆ. ಸಾಹೇಬ್ರು ಕಾಗದ ವಾಪಸ್ ಕೊಟ್ಟು ‘ಇನ್ನೊಮ್ಮೆ ನೋಡು’ ಅಂದ್ರು, ಅಷ್ಟೇ. ಮೊದಲು ಏನು ನೋಡಬೇಕ್ರಿ?

ಆಳಂದದಿಂದ:
ತಮ್ಮಾ, ನಿನ್ನ ಸಾಹೇಬ್ರು ಬರೋಬರ್ ಮಾಡ್ಯಾರ. ನಾನು ಇಪ್ಪತ್ತೆರಡು ವರ್ಷ ಬಾವಿ ಮ್ಯಾಲ ದುಡಿದು ಊರಿಗೆ ಬಂದೀನಿ.

ಕಟ್ಟಿ ಮ್ಯಾಲ ಖಾಲಿ ಹಿತ್ತಾಳಿ ಕೊಡ ಬಡಿ, ಠಣ್ ಅಂತದ. ಅದನ್ನೇ ಜೋಳದ ರಾಶಿಯಾಗ ಕುತ್ತಿಗಿ ತನಕ ಹುಗಿದು ಬಡಿ, ದಬ್ ಅಂತದ. ಬಾಂಡ್ ಲಾಗ್ ಕೇಳೋದು ಇದನ್ನೇ. ಟೂಲ್ ಧ್ವನಿ ಬಿಡ್ತದ, 3 ಅಡಿ ದೂರದ ರಿಸೀವರ್ ಕೇಸಿಂಗಿನ ಠಣ್ ಎಷ್ಟು ಉಳಿದದ ಅಂತ ಮಿಲಿವೋಲ್ಟಿನಾಗ ಅಳಿತದ. ಹಿಂದ ಸಿಮೆಂಟ್ ಇಲ್ಲದ 7 ಇಂಚಿನ ಕೇಸಿಂಗ್ ಸುಮಾರು 62 ಕೊಡಬೇಕು. ಲಾಗಿನ ಮ್ಯಾಲಿನ ತುದಿಗೆ ಹೋಗು, ಸಿಮೆಂಟ್ ಮುಟ್ಟದ ಜಾಗದಾಗ ಆ ಅಂಕಿ ಬಂದದೋ ಇಲ್ಲೋ ನೋಡು. ಬರಲಿಲ್ಲಂದ್ರ ಕೆಳಗಿನ ನಿನ್ನ 5ಕ್ಕ ಬೆಲಿ ಇಲ್ಲ.

ಆಮ್ಯಾಲ ಟ್ರಾನ್ಸಿಟ್ ಟೈಮ್, ಅಂದ್ರ ಧ್ವನಿ ರಿಸೀವರಿಗೆ ಮುಟ್ಟೋ ಹೊತ್ತು. ಟೂಲ್ ಕೇಸಿಂಗಿನ ನಟ್ಟನಡುವ ಇರಬೇಕು. ಒಂದು ಬದಿಗೆ ವಾಲಿದ್ರ ಹತ್ತಿರದ ಗ್ವಾಡಿ ಧ್ವನಿ ಮೊದಲು, ದೂರದ್ದು ತಡಾಗಿ ಬರ್ತದ. ಎರಡೂ ಒಂದನ್ನೊಂದು ತಿಂದು ಆ್ಯಂಪ್ಲಿಟ್ಯೂಡ್ ಬಿದ್ದುಹೋಗ್ತದ. ಸಿಮೆಂಟೇ ಇಲ್ಲದ ಕಡಿನೂ ಕಾಗದ ಛಲೋ ಕಾಣ್ತದ. ಆ್ಯಂಪ್ಲಿಟ್ಯೂಡ್ ಕಡಿಮಿ, ಟೈಮೂ ಕಡಿಮಿ ಅಂದ್ರ ಮೊದಲ ಅನುಮಾನ ಟೂಲಿನ ಮ್ಯಾಲ. ಬಂದ ಪೂರಾ ಧ್ವನಿನ ಗೆರಿಯಾಗಿ ತೋರಸೋ ಪಕ್ಕದ ವಿಡಿಎಲ್ ಪಟ್ಟಿಯಾಗ ಎಡಕ್ಕ ರೈಲು ಹಳಿಯಂಥ ನೆಟ್ಟನ ಗೆರಿ ಅವನು ನೋಡು. ಇದ್ದುವಂದ್ರ ಅದು ಪೈಪಿನ ಧ್ವನಿನೇ.

ಟೈಮ್ ಕಡಿಮಿ ಆಗಿ ಆ್ಯಂಪ್ಲಿಟ್ಯೂಡ್ ಹೆಚ್ಚಾದ್ರ ಮಾತು ಬ್ಯಾರೆ. ಉಕ್ಕಿನಾಗ ಧ್ವನಿ ಒಂದು ಅಡಿಗೆ 57 ಮೈಕ್ರೊಸೆಕೆಂಡ್ ತಗೊಂತದ, ಗಟ್ಟಿ ಸುಣ್ಣದ ಕಲ್ಲಿನಾಗ ಸುಮಾರು 47. ನಮ್ಮ ಶಹಾಬಾದಿ ಕಲ್ಲಿನ ಜಾತಿದು ಹಿಂದ ಇದ್ದು, ಸಿಮೆಂಟ್ ಗಟ್ಟಿಯಾಗಿ ಹಿಡಿದಿದ್ರ, ಕಲ್ಲಿನ ಧ್ವನಿನೇ ಪೈಪಿನಕಿಂತ ಮುಂಚೆ ಬಂದುಬಿಡ್ತದ. ಅದನ್ನ ಕೆಟ್ಟ ಸಿಮೆಂಟ್ ಅಂತ ಬರೀಬ್ಯಾಡ.

ನನ್ನ ಕೈಲಿ ಆದ ತಪ್ಪು ಹೇಳ್ತೀನಿ. ಒಂದು ಬಾವಿಯಾಗ ಲಾಗ್ ಪೂರಾ ಕೆಟ್ಟು ಬಂತು. ನಾನೇ ಸ್ಕ್ವೀಜ್ ಮಾಡ್ರಿ ಅಂದೆ. ಕೇಸಿಂಗಿಗೆ ತೂತು ಹೊಡೆದು ಸಿಮೆಂಟ್ ತಳ್ಳಿದ್ರ ಒಂದು ಬ್ಯಾರೆಲ್ಲೂ ಒಳಗ ಹೋಗಲಿಲ್ಲ, ಹಿಂದ ಜಾಗಾನೇ ಇರಲಿಲ್ಲ. ಸಿಮೆಂಟ್ ಗಟ್ಟಿಯಾಗೋ ಮುಂದ ಕೇಸಿಂಗಿನಾಗ ಒತ್ತಡ ಹಿಡಿದಿಟ್ಟು, ಆಮ್ಯಾಲ ಬಿಟ್ಟಿದ್ರು. ಪೈಪ್ ಕೂದಲೆಳಿ ಅಷ್ಟು ಕುಗ್ಗಿ ಸಿಮೆಂಟಿನಿಂದ ಸರಿದಿತ್ತು. ಅದಕ್ಕ ಮೈಕ್ರೊ ಆನ್ಯುಲಸ್ ಅಂತಾರ. 1000 ಪಿಎಸ್‌ಐ ಒತ್ತಡ ಏರಿಸಿ ಮತ್ತೊಮ್ಮೆ ಲಾಗ್ ಮಾಡಿದ್ರ ಅರ್ಧ ದಿನದಾಗ ಗೊತ್ತಾಗ್ತಿತ್ತು. ಒಳ್ಳೆ ಕೇಸಿಂಗಿಗೆ ತೂತು ಹೊಡೆಸಿದ ಆ ಸಂಕಟ ಇವತ್ತಿಗೂ ಹೋಗಿಲ್ಲ.

ಸೇಡಂನಿಂದ:
ನಾನು ಸಿಮೆಂಟ್ ಫ್ಯಾಕ್ಟರಿ ಲ್ಯಾಬಿನವ. ಲಾಗ್ ಓದಲು ಬರೋದಿಲ್ಲ, ಸ್ಲರಿ, ಅಂದರೆ ನೀರು ಕಲಸಿದ ಸಿಮೆಂಟ್ ಬಗ್ಗೆ ಹೇಳಬಲ್ಲೆ. ಬಾವಿಗೆ ಹಾಕೋದು ಮನೆ ಕಟ್ಟೋ ಚೀಲದ ಸಿಮೆಂಟಲ್ಲ, ಸಾಮಾನ್ಯವಾಗಿ ಕ್ಲಾಸ್ ಜಿ ಅನ್ನೋ ಬಾವಿ ಸಿಮೆಂಟ್. ಬರೀ ನೀರು ಬೆರೆಸಿದರೆ, 100 ಕಿಲೋಗೆ 44 ಕಿಲೋ ನೀರು, ಸಾಂದ್ರತೆ ನೀರಿನ 1.9 ಪಟ್ಟಿನ ಹತ್ತಿರ. ಸೂಕ್ಷ್ಮ ಬಂಡೆ ಒಡೆಯಬಾರದು ಅಂತ ಹಗುರ ಮಾಡಿದ ಸ್ಲರಿ ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕು. ಹಾಗಾಗಿ ಪಂಪ್ ಮಾಡಿ ಎಷ್ಟು ಗಂಟೆಗೆ ಲಾಗ್ ಮಾಡಿದರು, ಆ ಹೊತ್ತಿಗೆ ಲ್ಯಾಬಿನ ಬಲದ ಗ್ರಾಫ್ ಎಷ್ಟು ತೋರಿಸಿತ್ತು ಎಂದು ಕೇಳಿ ಪಡೆಯಿರಿ. ಅಲ್ಟ್ರಾಸಾನಿಕ್ ಟೂಲಿನಲ್ಲೂ ಇದೇ ತೊಂದರೆ: ನೀರಿನ ಇಂಪೀಡೆನ್ಸ್ (ಧ್ವನಿಗೆ ಒಡ್ಡುವ ತಡೆ) 1.5 ಮೆಗಾರೇಲ್, ತೀರಾ ಹಗುರ ಸಿಮೆಂಟ್ ಅದಕ್ಕಿಂತ ಬಹಳ ಮೇಲಿರೋದಿಲ್ಲ. ಸಿಮೆಂಟ್, ನೀರು ಬೇರ್ಪಡಿಸುವ ಮಿತಿಯ ಅಂಕಿಯನ್ನು ಸ್ಲರಿ ನೋಡಿ ಹಾಕದಿದ್ದರೆ ಸಿಮೆಂಟೇ ನೀರಾಗಿ ಕಾಣುತ್ತದೆ.

ಆಳಂದದಿಂದ, ಮತ್ತೆ:
ಸೇಡಂ ಅಣ್ಣಾರು ಹೇಳಿದ್ದು ಖರೆ. ಪಂಪಿಂಗ್ ದಿನದ ಚಾರ್ಟೂ ಕೇಳು: ಸ್ಲರಿ ನಡುವ ಕಳೆದುಹೋಗಿತ್ತೇನು, ಪೈಪ್ ನಟ್ಟನಡುವ ನಿಲ್ಲಿಸೋ ಸೆಂಟ್ರಲೈಜರ್ ಎಷ್ಟು ಹಾಕಿದ್ರು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಮಕಾಂಡೊ ಬಾವಿ ಸಿಡಿದು 11 ಮಂದಿ ಸತ್ತರಲ್ಲ, ಅವತ್ತು ಮುಂಜಾನೆ ಬಾಂಡ್ ಲಾಗ್ ಬ್ಯಾಡ ಅಂತ ಲಾಗಿಂಗಿನವರನ್ನ ವಾಪಸ್ ಕಳಿಸಿದ್ರು. ಆಮ್ಯಾಲ ಒತ್ತಡದ ಪರೀಕ್ಷಾನೂ ತಪ್ಪು ಓದಿದ್ರು.

ಕೇಳಿದವರು:
ನೋಡಿದೆರಿ. ಮ್ಯಾಲ ಸಿಮೆಂಟ್ ಇಲ್ಲದ ಕಡಿ 61 ಇತ್ತು, ಅಲ್ಲಿ ಸಮಸ್ಯೆ ಇಲ್ಲ. ನಾನು ‘ಛಲೋ’ ಅಂದ ಭಾಗದಾಗ ಟ್ರಾನ್ಸಿಟ್ ಟೈಮ್ 8 ಮೈಕ್ರೊಸೆಕೆಂಡ್ ಕಡಿಮಿ, ವಿಡಿಎಲ್‌ನಾಗ ಹಳಿ ಗೆರಿ ಹಂಗೇ ಅವ. ಸಾಹೇಬ್ರಿಗೆ ತೋರಿಸಿದೆ. ಟೂಲಿನ ಕೆಳಗಿನ ಸೆಂಟ್ರಲೈಜರ್ ಸವೆದಿತ್ತಂತ, ಬದಲಿಸಿ ನಾಳೆ ಮತ್ತೊಮ್ಮೆ ಇಳಿಸ್ತೀವಿ.